ರಜದಲ್ಲಿ ಫ್ರೆಂಡ್ಸಿಗೆ ಯಾವ ಪುಸ್ತಕ ಹೇಳೋದು, ಹೇಗೆ ಹೇಳೋದು?

ಪ್ರಶ್ನೆ: ನಮಸ್ತೆ ಸರ್. ನಾನು ಹಾಸನದವಳು. ಕಾಲೇಜಲ್ಲಿ ಜೊತೆಗೆ ಓದಿದ ನಾವು ಆರು ಜನ ಹೆಂಗಸರು ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದೀವಿ. ಪ್ರತಿ ವರ್ಷ ಏಪ್ರಿಲ್ ಬಂತು ಅಂದ್ರೆ ಬೇಸಿಗೆಗೆ ಏನು ಓದೋದು ಅಂತ ಲಿಸ್ಟ್ ಶುರು, ಒಬ್ಬೊಬ್ರು ಹತ್ತತ್ತು ಕವರ್ ಫೋಟೋ ಹಾಕ್ತಾರೆ, ಜೂನ್ ಬಂದ್ರೂ ಯಾರೂ ಏನೂ ಓದಿರಲ್ಲ. ಹೋದ ಸಲ ನನಗೆ ಪ್ರಾಣ ಅನ್ನೋ ಅಷ್ಟು ಇಷ್ಟವಾದ ಭೈರಪ್ಪನವರ 'ಪರ್ವ'ನ ಒಬ್ಬಳಿಗೆ ಒತ್ತಾಯ ಮಾಡಿ ಕೊಟ್ಟೆ. ಅವಳು ಐವತ್ತು ಪುಟಕ್ಕೇ ನಿಲ್ಲಿಸಿದ್ಲು, ಈಗ ಪುಸ್ತಕದ ಮಾತು ಬಂದ್ರೆ ಟಾಪಿಕ್ಕೇ ಚೇಂಜ್ ಮಾಡ್ತಾಳೆ, ಪುಸ್ತಕನೂ ವಾಪಸ್ ಬಂದಿಲ್ಲ. ಉಳಿದವರಲ್ಲಿ ಒಬ್ಬಳು ಸಕಲೇಶಪುರದ ಹತ್ರ ತೋಟದಲ್ಲಿದಾಳೆ, ಇನ್ನೊಬ್ಬಳು ದಿನಾ ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಲ್ಲಿ ಓಡಾಡ್ತಾಳೆ, ಮತ್ತೊಬ್ಬಳು ಬೆಂಗಳೂರು, ಇಂಗ್ಲಿಷ್ ಬಿಟ್ಟು ಬೇರೆ ಓದೋದೇ ಮರೆತಿದಾಳೆ, ಅರಸೀಕೆರೆಯವಳಿಗೆ ಎರಡು ಮಕ್ಕಳು, ರಜ ಅಂದ್ರೆ ಉಸಿರಾಡಕ್ಕೂ ಟೈಮಿಲ್ಲ. ಇವರಿಗೆಲ್ಲ ಏನು ಹೇಳ್ಲಿ, ಹೇಗೆ ಹೇಳ್ಲಿ? ಗ್ರೂಪಲ್ಲಿ ಪಿಡಿಎಫ್ ಹಾಕ್ತಾರಲ್ಲ, ಅದು ಸರೀನಾ?

ಉತ್ತರ: ನೋಡಿ ಮೇಡಂ, ಮೊದಲು ಆ ಲಿಸ್ಟ್ ನಿಲ್ಲಿಸಿ. ಲೈಬ್ರರಿ ಕೌಂಟರಲ್ಲೇ ಸರ್ವಿಸ್ ಮುಗಿಸಿದವನಾಗಿ ಹೇಳ್ತೀನಿ, ಲಿಸ್ಟ್ ಇಟ್ಕೊಂಡು ಬರೋ ಓದುಗರು ಸಾಮಾನ್ಯವಾಗಿ ಬರಿಗೈಲಿ ಹೋಗ್ತಾರೆ, ಯಾಕಂದ್ರೆ ಲಿಸ್ಟಲ್ಲಿರೋ ಪುಸ್ತಕ ಯಾವುದೂ ಅವರಿಗಾಗಿ ಅಂತ ಯಾರೂ ಹೇಳಿರಲ್ಲ. ಗ್ರೂಪಲ್ಲಿ ಅರವತ್ತು ಕವರ್ ಫೋಟೋ ಬಿದ್ರೆ ಅದು ಮದುವೆ ಮನೇಲಿ ಬಡಿಸೋನು ಎಲೆ ಕಡೆ ನೋಡದೆ ಸೌಟು ಆಡಿಸ್ಕೊಂಡು ಹೋದ ಹಾಗೆ, ಯಾರಿಗೆ ಏನು ಬೇಕಿತ್ತು ಅಂತ ಕೇಳೋರಿಲ್ಲ, ಬಡಿಸಿದ್ದು ಮಾತ್ರ ಲೆಕ್ಕ. ನಾನು ಹೇಳೋದು ಇಷ್ಟೇ: ಒಬ್ಬರಿಗೆ ಒಂದೇ ಪುಸ್ತಕ, ಅದೂ ಗ್ರೂಪಲ್ಲಲ್ಲ, ಅವರ ನಂಬರಿಗೇ ಮೆಸೇಜು, ಜೊತೆಗೆ ಇದು ನಿನಗೇ ಯಾಕೆ ಅನ್ನೋ ಒಂದು ಸಾಲು. ಪುಸ್ತಕ ನಿಮಗೆ ಎಷ್ಟು ಇಷ್ಟ ಅನ್ನೋದು ಇಲ್ಲಿ ಅಂಥಾ ಮುಖ್ಯ ವಿಷಯ ಅಲ್ವೇ ಅಲ್ಲ.

ನಮ್ಮ ಕಸುಬಲ್ಲಿ ಎಲ್ಲರೂ ಓದೋ ಒಬ್ಬರಿದ್ದಾರೆ, ಎಸ್.ಆರ್. ರಂಗನಾಥನ್, ಕೊನೆಗಾಲದಲ್ಲಿ ಬೆಂಗಳೂರಲ್ಲೇ ಇದ್ದವರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದ್ರು. ಅದರಲ್ಲಿ ಎರಡನೇದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಮೂರನೇದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ನಾಲ್ಕನೇದು ಓದುಗನ ಟೈಮ್ ಉಳಿಸಬೇಕು. ನಿಮ್ಮ ಗ್ರೂಪಿನ ಲಿಸ್ಟ್ ಈ ಮೂರನ್ನೂ ಒಟ್ಟಿಗೇ ಮುರೀತಿದೆ.

ಸರಿ, ಹಾಗಾದ್ರೆ ಯಾರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು? "ನಿನಗೆ ಎಂಥಾ ಪುಸ್ತಕ ಇಷ್ಟ" ಅಂತ ಮಾತ್ರ ಕೇಳಬೇಡಿ. "ಎಲ್ಲಾ ಇಷ್ಟ ಕಣೇ" ಅಂತಾರೆ, ಇಲ್ಲ ಅಂದ್ರೆ ಹೇಳಕ್ಕೆ ಚೆನ್ನಾಗಿರುತ್ತೆ ಅಂತ ಕುವೆಂಪು, ಕಾರಂತ ಅಂತಾರೆ, ಅವರು ಹೈಸ್ಕೂಲ್ ಪಾಠದಲ್ಲಿ ಬಿಟ್ರೆ ಆಮೇಲೆ ಮುಟ್ಟಿರಲ್ಲ. ಕೌಂಟರಲ್ಲಿ ನಾವು ಕೇಳ್ತಿದ್ದ ಪ್ರಶ್ನೆ ಬೇರೆ. ಕೊನೇ ಪುಟದ ತನಕ ಓದಿ ಮುಗಿಸಿದ ಪುಸ್ತಕ ಯಾವುದು, ಅದು ಹತ್ತು ವರ್ಷದ ಹಿಂದಿಂದಾದ್ರೂ ಪರವಾಗಿಲ್ಲ. ಮುಗಿಸಿದ್ದು ಅಂದ ತಕ್ಷಣ ಜನ ನಿಜ ಹೇಳ್ತಾರೆ. ಆಮೇಲೆ, ಅದರಲ್ಲಿ ಈಗಲೂ ಏನು ನೆನಪಿದೆ ಅಂತ ಕೇಳಿ, ಕೇಳಿ ಸುಮ್ಮನೆ ಕೂತ್ಕೊಳ್ಳಿ. ಒಬ್ಬಾಕೆ ನಂಗೆ ಹೇಳಿದ್ದು ನೆನಪಿದೆ, ಕತೆ ಮರೆತೇ ಹೋಗಿದೆ ಸಾರ್, ಆ ಮನೆ ಇತ್ತಲ್ಲ, ಆ ಅಡುಗೆ ಮನೆ, ಅಲ್ಲೊಂದು ಕಿಟಕಿ, ಅದು ಮಾತ್ರ ಕಣ್ಣ ಮುಂದೆನೇ ಇದೆ ಅಂತ. ಅಷ್ಟು ಸಾಕು. ಆಕೆ ಕತೆಗೋಸ್ಕರ ಓದೋರಲ್ಲ, ಜಾಗಕ್ಕೋಸ್ಕರ ಓದೋರು.

ಅಮೆರಿಕದ ಸಿಯಾಟಲ್‌ನಲ್ಲಿ ಲೈಬ್ರರಿಯನ್ ಆಗಿದ್ದ ನ್ಯಾನ್ಸಿ ಪರ್ಲ್ ಅನ್ನೋರು ಇದನ್ನೇ ನಾಲ್ಕು ಬಾಗಿಲು ಅಂತ ಹೇಳಿದಾರೆ: ಕತೆ, ಪಾತ್ರ, ಜಾಗ, ಭಾಷೆ. ಒಂದೊಂದು ಪುಸ್ತಕಕ್ಕೆ ಒಂದೊಂದು ಬಾಗಿಲು ದೊಡ್ಡದಾಗಿ ತೆರೆದಿರುತ್ತೆ, ಓದುಗರೂ ಹಾಗೇ, ತಮಗೆ ಅಭ್ಯಾಸ ಇರೋ ಬಾಗಿಲಿಂದ ಮಾತ್ರ ಒಳಗೆ ಬರ್ತಾರೆ. ನಮ್ಮ ಪುಸ್ತಕಗಳಿಗೆ ಹಚ್ಚಿ ನೋಡಿದ್ರೆ ಇದು ಸಕತ್ತಾಗಿ ಕೆಲಸ ಮಾಡುತ್ತೆ. 'ಜುಗಾರಿ ಕ್ರಾಸ್' ತಗೊಳ್ಳಿ, ಏಲಕ್ಕಿ ಮಾರಕ್ಕೆ ಹೊರಟ ಗಂಡ ಹೆಂಡತಿ, ಇಪ್ಪತ್ತನಾಲ್ಕು ಗಂಟೆ ಒಳಗೆ ನಡೆದು ಹೋಗೋ ಕಾದಂಬರಿ, ಅದರ ಕತೆ ಬಾಗಿಲು ಹೆಬ್ಬಾಗಿಲು, ಮುಂದೇನಾಯ್ತು ಅಂತ ರಾತ್ರಿ ನಿದ್ದೆ ಬಿಡೋರಿಗೆ ಅದನ್ನ ಕೊಡಬೇಕು. 'ಗೃಹಭಂಗ'ಕ್ಕೆ ಹೋಗೋದು ನಂಜಮ್ಮನ ಕೈ ಹಿಡ್ಕೊಂಡು, ಗಂಡ ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯೋಳು ಇವಳು, ಆ ಹೆಂಗಸಿನ ಜೊತೆ ಒಂದು ಸಲ ಹೊರಟರೆ ಪ್ಲೇಗು ಬಂದ್ರೂ ಬರ ಬಂದ್ರೂ ಪುಸ್ತಕ ಕೆಳಗಿಡಲ್ಲ. 'ಮಲೆಗಳಲ್ಲಿ ಮದುಮಗಳು' ಜಾಗದ ಬಾಗಿಲು, ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರೀಲಿ ನಡೀತಾ ಹೋಗ್ತಿದ್ರೆ ನಾವೂ ಹಿಂದೆ ಹೋಗ್ತಿರಬೇಕು ಅಷ್ಟೇ, ಎಲ್ಲಿಗೆ, ಯಾಕೆ ಅಂತ ಅರ್ಜೆಂಟ್ ಮಾಡೋರಿಗೆ ಅದಲ್ಲ. 'ಕುಸುಮಬಾಲೆ' ಭಾಷೆಯ ಬಾಗಿಲು, ಸಣ್ಣ ಪುಸ್ತಕ ಅಂತ ತಗೊಂಡು ಹೋದೋರು ಎಷ್ಟೋ ಜನ ಮಾರನೇ ದಿನವೇ ವಾಪಸ್ ತಂದು ಅರ್ಥ ಆಗಲಿಲ್ಲ ಅಂದಿದಾರೆ, ನಂಜನಗೂಡು ಕಡೆ ಮಾತು ಅದು, ಬಾಯಿಬಿಟ್ಟು ಗಟ್ಟಿಯಾಗಿ ಓದಿ ಅಂತ ಹೇಳಿ ಕಳಿಸಿದ್ರೆ ಅದೇ ಜನ ಮತ್ತೆ ಕೇಳ್ಕೊಂಡು ಬಂದಿದಾರೆ.

ಈಗ ನಿಮ್ಮ 'ಪರ್ವ'ದ ಫ್ರೆಂಡ್ ವಿಷಯ. ಅವರ ತಪ್ಪೇನೂ ಇಲ್ಲ, ನಿಮ್ಮದೂ ಅಂಥಾ ದೊಡ್ಡದಲ್ಲ. ವಾಪಸ್ ಬಂದ ಪುಸ್ತಕಗಳನ್ನ ನಾವು ಶೆಲ್ಫಿಗೆ ಇಡೋ ಮುಂಚೆ ಒಂದು ಸಲ ಕೊಡವ್ತಿದ್ವಿ, ಬಸ್ ಟಿಕೆಟ್ಟು, ಕರೆಂಟ್ ಬಿಲ್ಲು, ಬೆಂಕಿಕಡ್ಡಿ, ಒಣಗಿದ ಕನಕಾಂಬರ, ಏನೇನೋ ಬೀಳ್ತಿತ್ತು. ಓದುಗ ಎಲ್ಲಿ ನಿಲ್ಲಿಸಿದಾನೆ ಅಂತ ಅದೇ ಹೇಳುತ್ತೆ. ದಪ್ಪ ಕಾದಂಬರಿಗಳಲ್ಲಿ ಟಿಕೆಟ್ ಸಾಮಾನ್ಯವಾಗಿ ಸಿಕ್ಕೋದು ಮೊದಲ ಕಾಲು ಭಾಗದಲ್ಲೇ, ಅದು ದಾಟಿದ್ರೆ ಆಮೇಲೆ ಸಿಕ್ಕೋದೇ ಇಲ್ಲ, ಅಂದ್ರೆ ಮುಗಿಸಿದಾರೆ ಅಂತ ಅರ್ಥ. 'ಪರ್ವ' ಶುರುವಾಗೋದು ಶಲ್ಯನಿಂದ, ಮದ್ರ ದೇಶದಲ್ಲಿ, ಭೀಮ ದ್ರೌಪದಿ ಕುಂತಿ ಅಂತ ಕಾಯ್ಕೊಂಡು ಕೂತವರಿಗೆ ಆ ಮುದುಕನ ಯೋಚನೆಗಳನ್ನ ದಾಟಬೇಕು. ಪವಾಡ ಇಲ್ಲ, ದೇವರಿಲ್ಲ, ಒಬ್ಬೊಬ್ಬರೂ ತಮ್ಮ ನೆನಪಲ್ಲೇ ಕತೆ ಹೇಳ್ಕೋತಾರೆ. ಟೀವಿ ಮಹಾಭಾರತ ತಲೇಲಿ ಇಟ್ಕೊಂಡು ಬಂದೋರಿಗೆ ಮೊದಲ ಐವತ್ತು ಪುಟ ನಿಜವಾಗ್ಲೂ ಬೇಜಾರೇ. ಇದನ್ನ ನೀವು ಮುಂಚೆನೇ ಒಂದು ಮಾತು ಹೇಳಿದ್ರೆ, ಶಲ್ಯನ ಭಾಗ ನಿಧಾನ ಇದೆ ಕಣೆ, ಕುಂತಿ ಬರೋ ತನಕ ತಡಕೋ ಅಂತ, ಬಹುಶಃ ದಾಟ್ತಿದ್ರು.

ಅದೇ ನ್ಯಾನ್ಸಿ ಪರ್ಲ್ ಇನ್ನೊಂದು ಲೆಕ್ಕ ಹೇಳ್ತಾರೆ, ನನಗೆ ತುಂಬಾ ಹಿಡಿಸಿರೋದು. ಐವತ್ತು ವರ್ಷದ ಒಳಗಿನವರು ಯಾವ ಪುಸ್ತಕಕ್ಕೂ 50 ಪುಟ ಅವಕಾಶ ಕೊಡಬೇಕು, ಆಮೇಲೂ ಹಿಡಿಸಲಿಲ್ಲ ಅಂದ್ರೆ ಬಿಡಬಹುದು. ಐವತ್ತು ದಾಟಿದವರು ತಮ್ಮ ವಯಸ್ಸನ್ನ ನೂರರಲ್ಲಿ ಕಳೀಬೇಕು, 60 ಆಗಿದ್ರೆ 40 ಪುಟ, 70 ಆಗಿದ್ರೆ 30. ನೂರು ಆದವರು ಕವರ್ ನೋಡೇ ತೀರ್ಮಾನ ಮಾಡಬಹುದು. ಆ ಲೆಕ್ಕದಲ್ಲಿ ನಿಮ್ಮ ಫ್ರೆಂಡ್ ಐವತ್ತು ಪುಟ ಓದಿ ತಮ್ಮ ಪಾಲಿಂದು ಪೂರ್ತಿ ಮಾಡಿದಾರೆ. ಈ ಲೆಕ್ಕನ ಅವರಿಗೆ ಮೆಸೇಜ್ ಮಾಡಿ, ನೀನು ಪಾಸ್ ಅಂತ. ಅವರು ಟಾಪಿಕ್ ಚೇಂಜ್ ಮಾಡ್ತಿರೋದು ಪುಸ್ತಕದ ಮೇಲಿನ ಕೋಪಕ್ಕಲ್ಲ, ನಿಮ್ಮ ಮುಂದೆ ಪರೀಕ್ಷೆ ಫೇಲಾದೆ ಅನ್ನೋ ಮುಜುಗರಕ್ಕೆ. ಈ ವರ್ಷ ಅವರಿಗೆ ಪುಸ್ತಕ ಕೊಡಬೇಡಿ, ಅವರನ್ನೇ ಕೇಳಿ ಒಂದು ತಗೊಳ್ಳಿ. ಅದು ಅಡುಗೆ ಪುಸ್ತಕ ಆಗಲಿ, ಪತ್ತೇದಾರಿ ಆಗಲಿ, ಓದಿ. ಪೂರ್ತಿ ಓದಿ.

ಇನ್ನೊಂದು ವಿಷಯ ಮಧ್ಯದಲ್ಲೇ ಹೇಳಿಬಿಡ್ತೀನಿ. ಬೇಸಿಗೆ ಓದು, ಸಮ್ಮರ್ ರೀಡಿಂಗ್ ಅಂತ ಪೇಪರಲ್ಲಿ ಬರೋದೆಲ್ಲ ರಜ ಇರೋರಿಗೆ. ಇಲ್ಲಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ರಜ ಇರೋದು ಮಕ್ಕಳಿಗೆ. ಅವರಮ್ಮಂದಿರಿಗೆ ವರ್ಷದಲ್ಲಿ ಕೈ ಬಿಡುವೇ ಇಲ್ಲದ ಕಾಲ ಅದು, ಹಪ್ಪಳ ಸಂಡಿಗೆ, ಉಪ್ಪಿನಕಾಯಿ, ಮದುವೆ, ಗೃಹಪ್ರವೇಶ, ಜಾತ್ರೆ, ಬೆಂಗಳೂರಿಂದ ಬರೋ ನೆಂಟರು, ಅವರ ಮಕ್ಕಳು. ಹಾಗಾಗಿ ಬೇಸಿಗೇಲಿ ಲೈಟಾಗಿರೋದು ಓದಿ ಅಂತಾನೂ ನಾನು ಹೇಳಲ್ಲ, ದಪ್ಪ ಪುಸ್ತಕ ಹಿಡೀರಿ ಅಂತಾನೂ ಹೇಳಲ್ಲ, ಅವರವರ ದಿನ ಹೇಗಿದೆ ಅಂತ ನೋಡಿ ಅಂತೀನಿ. ನಿಮ್ಮ ಪ್ರಶ್ನೇಲಿ ನಂಗೆ ಇಷ್ಟ ಆಗಿದ್ದು ಅದೇ, ಒಬ್ಬೊಬ್ಬರ ದಿನ ಹೇಗಿದೆ ಅಂತ ನೀವೇ ಬರೆದಿದೀರಿ, ಅರ್ಧ ಕೆಲಸ ಅಲ್ಲೇ ಆಗಿದೆ.

ತೋಟದವರನ್ನ ತಗೊಳ್ಳೋಣ. ಕಾಫಿ ಕೊಯ್ಲು ಮುಗಿದು, ಹೂ ಅರಳಿಸೋ ಬ್ಲಾಸಮ್ ಮಳೆ ಬಂತಾ ಬರಲಿಲ್ವಾ, ಆಮೇಲೆ ಕಾಯಿ ಕಟ್ಟಕ್ಕೆ ಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಅಂತ ಮೇಲೆ ನೋಡೋದೂ ಮುಗಿದ ಮೇಲೆ, ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋ ಕೆಲಸ, ಜೋರಾಗೋ ತನಕ ತೋಟದ ಮನೆಯವರಿಗೆ ಒಂದಿಷ್ಟು ಬಿಡುವು ಸಿಗುತ್ತೆ. ಅದೂ ಅಲ್ದೆ ಸಂಜೆ ಗುಡುಗು ಮಳೆ ಶುರುವಾಯ್ತು ಅಂದ್ರೆ ಕರೆಂಟ್ ಹೋಗುತ್ತೆ, ನೆಟ್‌ವರ್ಕ್ ಹೋಗುತ್ತೆ, ಟೀವಿ ಇಲ್ಲ, ಫೋನಿಲ್ಲ, ಚಾರ್ಜ್ ಲೈಟ್ ಮುಂದೆ ಕೂತು ಓದಕ್ಕೆ ಅಂಥಾ ಟೈಮ್ ಬೇರೆ ಸಿಗಲ್ಲ. ಆದ್ರೆ ದಯವಿಟ್ಟು ಅವರಿಗೆ ಮತ್ತೆ 'ಕರ್ವಾಲೊ' ಕೊಡಬೇಡಿ. ಅದು ಒಳ್ಳೇ ಪುಸ್ತಕ ಹೌದೋ ಅಲ್ವೋ ಅನ್ನೋ ಮಾತೇ ಇಲ್ಲ, ಹಾರೋ ಓತಿ ಹುಡುಕ್ಕೊಂಡು ಹೊರಡೋ ಆ ಗ್ಯಾಂಗನ್ನ ಮರೆಯೋಕಾಗುತ್ತಾ, ಆದ್ರೆ ಸಕಲೇಶಪುರ ಮೂಡಿಗೆರೆ ಕಡೆ ತೋಟದಲ್ಲಿ ಇರೋ ಪ್ರತಿ ಮನುಷ್ಯನಿಗೂ ಮದುವೆಗೆ, ಹುಟ್ಟುಹಬ್ಬಕ್ಕೆ, ಮನೆ ಒಕ್ಕಲಿಗೆ ಯಾರಾದ್ರೂ ಒಬ್ಬರು ಅದನ್ನ ಕೊಟ್ಟೇ ಇರ್ತಾರೆ. ಮಲೆನಾಡಲ್ಲಿ ಇರೋರಿಗೆ ಮಲೆನಾಡಿನ ಪುಸ್ತಕನೇ ಬೇಕು ಅನ್ನೋದು ಬಯಲುಸೀಮೆಯವರ ಕಲ್ಪನೆ. ಜಿಗಣೆ, ಮಳೆ, ಕಾಡು ಅವರು ದಿನಾ ನೋಡ್ತಾರೆ. ಅವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಟ್ಟು ನೋಡಿ. ಬೆಂಗಳೂರಿನ ಒಂದು ಮನೆ, ಚಿಕ್ಕಪ್ಪ ಶುರು ಮಾಡಿದ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂಗೆ ದುಡ್ಡು ಬಂದು ಮನೆಯೊಳಗಿನ ಮಾತು, ನಡೆ, ಯಾರು ಯಾರಿಗೆ ಹೆದರಬೇಕು ಅನ್ನೋದೆಲ್ಲ ಹೇಗೆ ಬದಲಾಗುತ್ತೆ ಅಂತ. ಸಣ್ಣದು, ಎರಡು ಸಂಜೆ ಕರೆಂಟ್ ಹೋದ್ರೆ ಮುಗಿಯುತ್ತೆ. ಓದಿ ಮುಗಿಸಿದ ಮೇಲೆ ಅವರೇ ನಿಮಗೆ ಫೋನ್ ಮಾಡ್ತಾರೆ, ಕೊನೇಲಿ ಏನಾಯ್ತು ಅಂತ ನಿಂಗನ್ಸುತ್ತೆ ಅಂತ. ಫ್ರೆಂಡ್ಸ್ ಮಧ್ಯೆ ಓಡಾಡೋ ಪುಸ್ತಕಕ್ಕೆ ಆ ಗುಣ ಬೇಕು, ಮುಗಿದ ಮೇಲೆ ಇನ್ನೊಬ್ಬರ ಹತ್ರ ಜಗಳ ಆಡಬೇಕು ಅನ್ನಿಸಬೇಕು. ತೇಜಸ್ವಿನೇ ಕೊಡಬೇಕು ಅಂತ ಹಠ ಇದ್ರೆ 'ಕಿರಗೂರಿನ ಗಯ್ಯಾಳಿಗಳು' ಕೊಡಿ, ಬಿರುಗಾಳಿಗೆ ಹೆಬ್ಬಲಸಿನ ಮರ ಬೀಳೋದ್ರಿಂದ ಶುರುವಾಗಿ ಊರ ಹೆಂಗಸರು ಗಂಡಸರ ಗ್ರಹಚಾರ ಬಿಡಿಸೋ ತನಕ ಒಂದೇ ಉಸಿರಿಗೆ ಹೋಗುತ್ತೆ. ಸಿನಿಮಾ ನೋಡಿರ್ತಾರೆ, ಪುಸ್ತಕ ಓದಿರೋರು ಕಮ್ಮಿ.

ಬಸ್ಸಿನವರಿಗೆ ಸುಲಭ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರು ಅಂದ್ರೆ ಹೋಗಕ್ಕೊಂದು ಒಂದೂವರೆ ಗಂಟೆ, ಬರಕ್ಕೊಂದು ಅಷ್ಟು, ಅದರಲ್ಲಿ ಸೀಟ್ ಸಿಗೋ ತನಕ ನಿಂತ್ಕೊಂಡು, ಬೇಲೂರಲ್ಲಿ ಟೂರಿಸ್ಟ್ ರಶ್ಶು, ತಲೆ ಎತ್ತಿ ಇಳಿಸಿ ಓದಬೇಕು. ಕಾದಂಬರಿ ಬೇಡ. ಒಂದು ಸ್ಟಾಪಿಂದ ಇನ್ನೊಂದಕ್ಕೆ ಮುಗಿಯೋ ಥರದ್ದು ಬೇಕು. ನಿಮ್ಮ ಜಿಲ್ಲೆಯವರೇ ಇದ್ದಾರಲ್ಲ, ಗೊರೂರು ರಾಮಸ್ವಾಮಿ ಅಯ್ಯಂಗಾರ್ರು, ಅವರ 'ಹಳ್ಳಿಯ ಚಿತ್ರಗಳು' ಮೊದಲು ಬಂದಿದ್ದು 1930ರಲ್ಲಿ. ಹಳೇ ಕನ್ನಡ ಪಾಠದ ಪುಸ್ತಕ ಅಂತ ಜನ ಹಿಂದೆ ಸರೀತಾರೆ, ನಾಲ್ಕು ಪುಟ ಓದಿದ್ರೆ ಬಸ್ಸಲ್ಲಿ ಒಬ್ಬರೇ ನಗ್ತಾ ಕೂತಿರ್ತಾರೆ, ಪಕ್ಕದವರು ಯಾಕೆ ಅಂತ ನೋಡ್ತಾರೆ. ಇವತ್ತು ಗೊರೂರು ಅಂದ್ರೆ ಜನಕ್ಕೆ ಡ್ಯಾಮು, ಗೇಟ್ ತೆಗೆದ್ರಾ ನೋಡಕ್ಕೆ ಹೋಗೋಣ್ವಾ ಅಂತ ಅಷ್ಟೇ, ಡ್ಯಾಮಿಗೆ ಮುಂಚಿನ ಹೇಮಾವತಿ, ಆ ಊರಿನ ಜನ ಅವರ ಬರಹದಲ್ಲಿದಾರೆ. ಹಾಸನದವರಿಗೆ ಇದನ್ನ ಹೇಳಕ್ಕೆ ಬೇರೆ ಕಾರಣ ಬೇಡ.

ಬೆಂಗಳೂರಿನವರಿಗೆ ಕನ್ನಡ ಓದೇ ಓದೇ ಅಂತ ಭಾಷಣ ಮಾಡಬೇಡಿ. ಕನ್ನಡದ ಬಗ್ಗೆ ತಪ್ಪಿತಸ್ಥ ಭಾವನೆ ಹುಟ್ಟಿಸಿ ಯಾರನ್ನೂ ಓದಿಸಕ್ಕಾಗಲ್ಲ. 2025ರ ಮೇ ತಿಂಗಳಲ್ಲಿ ನಿಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆ 'ಹಾರ್ಟ್ ಲ್ಯಾಂಪ್' ಕೊಡಿ, ಹನ್ನೆರಡು ಕತೆ, ದೀಪಾ ಭಾಸ್ತಿ ಅವರ ಅನುವಾದ. ಬಹುಮಾನ ಬಂತು ಅಂತ ಪುಸ್ತಕ ಹೇಳೋದು ನನಗೆ ಅಷ್ಟು ಸರಿ ಬರಲ್ಲ, ಬಹುಮಾನದ ಸುದ್ದಿ ಓದುಗನಿಗೆ ಏನೂ ಹೇಳಲ್ಲ, ಆದ್ರೆ ಇಲ್ಲಿ ಕಾರಣ ಬೇರೆ ಇದೆ. ಆ ಇಂಗ್ಲಿಷಲ್ಲಿ ನಮ್ಮ ಮನೆ ಮಾತಿನ ಪದಗಳು, ಉರ್ದು ಅರಬ್ಬಿ ಪದಗಳು ಹಾಗಾಗೇ ಕೂತಿವೆ, ಓರೆ ಅಕ್ಷರದಲ್ಲಿ ಬೇರೆ ಮಾಡಿಟ್ಟಿಲ್ಲ, ಕೆಳಗೆ ಅಡಿಟಿಪ್ಪಣಿ ಕೊಟ್ಟು ವಿವರಿಸಿಲ್ಲ. ಓದ್ತಾ ಓದ್ತಾ ಇಂಗ್ಲಿಷ್ ಓದ್ತಿದೀನೋ ನಮ್ಮೂರಿನ ಗಲ್ಲಿ ಮಾತು ಕೇಳ್ತಿದೀನೋ ಅನ್ನಿಸುತ್ತೆ, ಹಾಸನ ಬಿಟ್ಟು ಹೋದೋರಿಗಂತೂ ಖಂಡಿತ ಅನ್ನಿಸುತ್ತೆ. ಜೊತೆಗೆ ಬಾನು ಅವರ ಕನ್ನಡದ ಕತೆಗಳದ್ದೂ ಒಂದು ಪುಸ್ತಕ ಕಳಿಸಿ. ಮೊದಲು ಇಂಗ್ಲಿಷಲ್ಲಿ ಓದಿದ ಕತೆ ಕನ್ನಡದಲ್ಲಿ ಸಿಕ್ಕಿದ್ರೆ ತೆಗೆದು ನೋಡದೆ ಇರಲ್ಲ. ನೀವೇನೂ ಹೇಳೋದು ಬೇಡ.

ಅರಸೀಕೆರೆಯವರ ಕತೆ ಬೇರೆ, ಅವರಿಗೆ ಪುಸ್ತಕ ಅಂದ್ರೆ ಇನ್ನೊಂದು ಕೆಲಸ ಸೇರಿದ ಹಾಗೆ. ಅವರಿಗೂ ಮಕ್ಕಳಿಗೂ ಸೇರಿ ಒಂದೇ ಪುಸ್ತಕ ಕೊಡಿ. 'ಪರಿಸರದ ಕತೆ' ಮಧ್ಯಾಹ್ನ ಊಟ ಆದ ಮೇಲೆ, ಬಿಸಿಲಿಗೆ ಹೊರಗೆ ಬಿಡಕ್ಕಾಗದೆ ಇರೋ ಹೊತ್ತಲ್ಲಿ ಗಟ್ಟಿಯಾಗಿ ಓದಕ್ಕೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ, ಕಿವಿ ಅನ್ನೋ ನಾಯಿ ಬಂದ್ರೆ ಮಕ್ಕಳು ಅಲ್ಲಾಡಲ್ಲ. ಒಂದೆರಡು ದಿನ ಅಮ್ಮ ಓದಿದ್ರೆ ಮೂರನೇ ದಿನ ದೊಡ್ಡ ಮಗು ಕೈಯಿಂದ ಕಿತ್ಕೊಳ್ಳುತ್ತೆ. ಮಗು ಹತ್ತು ಹನ್ನೆರಡು ವರ್ಷದ್ದಾದ್ರೆ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ' ಇದೆ, ಮಕ್ಕಳ ಸಾಹಿತ್ಯಕ್ಕೆ ಕೇಂದ್ರ ಅಕಾಡೆಮಿ ಪುರಸ್ಕಾರ ಬಂದಿರೋದು. ತೀರಾ ಚಿಕ್ಕದಾದ್ರೆ ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ಅಂತ ಇದೆ, ಕನ್ನಡದ ಚಿತ್ರಪುಸ್ತಕಗಳು ಫೋನಲ್ಲೇ ಫ್ರೀಯಾಗಿ ಸಿಗ್ತವೆ, ಅದಂತೂ ಕಾನೂನು ಪ್ರಕಾರನೇ ಫ್ರೀ.

ಕಾನೂನು ಅಂದ ಮೇಲೆ ಪಿಡಿಎಫ್ ವಿಷಯಕ್ಕೆ ಬರ್ತೀನಿ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಮ್ಮ ದೇಶದಲ್ಲಿ ಲೇಖಕರು ಬದುಕಿರೋ ತನಕ, ಅವರು ತೀರಿಕೊಂಡ ಮೇಲೆ ಮುಂದಿನ ವರ್ಷದಿಂದ ಇನ್ನೂ 60 ವರ್ಷ ಕಾಪಿರೈಟ್ ಹಕ್ಕು ಇರುತ್ತೆ. ಗೊರೂರು ತೀರಿಕೊಂಡಿದ್ದು 1991ರಲ್ಲಿ, ಅಂದ್ರೆ 2051 ಮುಗಿಯೋ ತನಕ. ಕುವೆಂಪು 1994, ಹಾಗಾಗಿ 2054. ತೇಜಸ್ವಿ 2007, ಅವರದ್ದು 2067ರ ತನಕ. ಭೈರಪ್ಪನವರು ತೀರಿಕೊಂಡಿದ್ದು 2025ರ ಸೆಪ್ಟೆಂಬರಲ್ಲಿ, ನೀವೇ ಲೆಕ್ಕ ಹಾಕ್ಕೊಳ್ಳಿ. ನಿಮ್ಮ ಗ್ರೂಪಲ್ಲಿ ಓಡಾಡ್ತಿರೋ ಪಿಡಿಎಫ್‌ಗಳು ಇವರದ್ದೇ ಆಗಿರುತ್ತೆ, ಯಾರೋ ಪುಸ್ತಕ ಬಿಚ್ಚಿ ಸ್ಕ್ಯಾನ್ ಮಾಡಿರೋದು. ಕನ್ನಡ ಪುಸ್ತಕ ಸಾಮಾನ್ಯವಾಗಿ ಒಂದು ಸಾವಿರ ಪ್ರತಿ ಪ್ರಿಂಟ್ ಆಗೋದು, ಅದು ಖರ್ಚಾಗಕ್ಕೇ ವರ್ಷಗಟ್ಟಲೆ ಹಿಡಿಯುತ್ತೆ, ಅಂಥಾ ಕಡೆ ಇನ್ನೂರು ಜನದ ಗ್ರೂಪಿಗೆ ಒಂದು ಪಿಡಿಎಫ್ ಬಿದ್ರೆ ಆ ಪಬ್ಲಿಷರ್ ಎರಡನೇ ಪ್ರಿಂಟ್ ಮಾಡೋದು ಹೇಗೆ? ಹಳೇದು ಬೇಕಾ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಓದಿ, 1899ರದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳೋದು, ಅದರ ಹಕ್ಕು ಯಾವತ್ತೋ ಮುಗಿದಿದೆ, ಯಾರಿಗೆ ಬೇಕಾದ್ರೂ ಕಳಿಸಿ. ಅದೂ ಅಲ್ದೆ, ನನ್ನ ಅನುಭವದಲ್ಲಿ ಗ್ರೂಪಿಗೆ ಬಿದ್ದ ಪಿಡಿಎಫ್‌ನ ಓದಿದವರು ಇಲ್ಲ, ಡೌನ್‌ಲೋಡ್ ಮಾಡ್ಕೊಂಡವರು ಮಾತ್ರ ಎಲ್ಲರೂ.

ಕೊಂಡ್ಕೊಳ್ಳಕ್ಕೆ ಕಷ್ಟ ಅಂದ್ರೆ ಲೈಬ್ರರಿ ಇದೆಯಲ್ಲ ಮೇಡಂ. ಸ್ವಂತ ಮನೆ ಇದ್ರೆ ವರ್ಷಾ ವರ್ಷಾ ಕಂದಾಯ ಕಟ್ತೀರಲ್ಲ, ಆ ರಸೀತಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಬರೋದು ಅದು, ಕಂದಾಯದ ಮೇಲೆ ನೂರಕ್ಕೆ ಆರು. ದುಡ್ಡು ಆಗಲೇ ಕೊಟ್ಟಾಗಿದೆ, ಪುಸ್ತಕ ತರೋದಷ್ಟೇ ಬಾಕಿ. ಚಿಕ್ಕ ಡೆಪಾಸಿಟ್ ಇಟ್ಟು ಕಾರ್ಡ್ ಮಾಡಿಸಿ. ಹಳ್ಳಿ ಕಡೆಯವರಿಗೆ ಗ್ರಾಮ ಪಂಚಾಯ್ತಿ ಲೈಬ್ರರಿಗಳಿವೆ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಬದಲಾಗಿದೆ. ಬೇಕಾದ ಪುಸ್ತಕ ಶೆಲ್ಫಲ್ಲಿ ಇಲ್ಲ ಅಂದ್ರೆ ಸುಮ್ಮನೆ ವಾಪಸ್ ಬರಬೇಡಿ, ಕೌಂಟರಲ್ಲಿ ಕೂತೋರನ್ನ ಕೇಳಿ. ಕೇಳೋರು ಬರಲ್ಲ ಅಂತಾನೇ ಎಷ್ಟೋ ಪುಸ್ತಕ ಒಳಗಿನ ಬೀರುವಲ್ಲಿ ಬೀಗ ಹಾಕ್ಕೊಂಡು ಇರೋದು.

ಬೇರೆ ಊರಿಗೆ ಕಳಿಸಕ್ಕೆ ಕೊರಿಯರ್ ದುಬಾರಿ ಅನ್ಸಿದ್ರೆ, ಪೋಸ್ಟಾಫೀಸಲ್ಲಿ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರು ಮಾಡಿದಾರೆ, ಪುಸ್ತಕಗಳಿಗೇ ಅಂತ. 300 ಗ್ರಾಂ ತನಕ 20 ರೂಪಾಯಿಂದ ಶುರು, ಐದು ಕೆಜಿ ತನಕ 100 ರೂಪಾಯಿ, ಮೇಲೆ ಟ್ಯಾಕ್ಸು, ಟ್ರ್ಯಾಕಿಂಗೂ ಇದೆ. ನಿಧಾನಕ್ಕೆ ಹೋಗುತ್ತೆ, ಪುಸ್ತಕಕ್ಕೇನು ಅರ್ಜೆಂಟು.

ಮೆಸೇಜ್ ಹೇಗೆ ಬರೆಯೋದು ಅನ್ನೋದು ಉಳೀತು. "ಅದ್ಭುತ, ಮಸ್ಟ್ ರೀಡ್, ಲೈಫೇ ಚೇಂಜ್ ಆಯ್ತು" ಇವು ಮೂರೂ ಬೇಡ. ಓದೋರಿಗೆ ಅದು ಹೊರೆ, ಓದಿ ಅವರ ಲೈಫ್ ಚೇಂಜ್ ಆಗಲಿಲ್ಲ ಅಂದ್ರೆ ಏನು ಗತಿ. ತೋಟದವರಿಗೆ ಹೀಗೆ ಬರೀರಿ: "ನಿಮ್ಮ ದೊಡ್ಡಮ್ಮನ ಮನೇಲಿ ದುಡ್ಡು ಬಂದ ಮೇಲೆ ಊಟಕ್ಕೆ ಕೂರೋ ಜಾಗನೂ ಬದಲಾಯ್ತು ಅಂತ ಹೇಳಿದ್ಯಲ್ಲ, ಇದನ್ನ ಓದ್ತಾ ಅದೇ ನೆನಪಾಯ್ತು. ನೂರೈವತ್ತು ಪುಟನೂ ಇಲ್ಲ. ಬೇಡ ಅನ್ಸಿದ್ರೆ ಅರ್ಧಕ್ಕೇ ವಾಪಸ್ ಕಳಿಸು." ಎಷ್ಟು ದಪ್ಪ, ನಿನಗೇ ಯಾಕೆ, ಬಿಟ್ರೂ ಬೇಜಾರಿಲ್ಲ, ಅಷ್ಟು ಇದ್ರೆ ಸಾಕು. ಕತೆ ಪೂರ್ತಿ ಹೇಳಬೇಡಿ. ಕಳಿಸಿದ ಮೇಲೆ ಎಲ್ಲಿಗೆ ಬಂತು ಎಲ್ಲಿಗೆ ಬಂತು ಅಂತ ದಿನಾ ಕೇಳಲೂ ಬೇಡಿ, ನೀವೇನು ಟ್ಯೂಷನ್ ಮೇಷ್ಟ್ರಲ್ಲ. ಅವರು ಮಾತೆತ್ತಿದ ದಿನ ಮಾತ್ರ ಫೋನ್ ಇಡಬೇಡಿ.

ಕೊನೇದು, ವಾಪಸ್ ಬರದೇ ಇರೋ ನಿಮ್ಮ 'ಪರ್ವ'. ನೇರವಾಗಿ ಕೇಳಿ, ಸಂಕೋಚ ಯಾಕೆ, ಇನ್ನೊಬ್ಬರು ಕೇಳ್ತಿದಾರೆ ಅಂತ ಹೇಳಿ. ಇನ್ಮುಂದೆ ಕೊಡೋವಾಗ ಒಂದು ನೋಟ್‌ಬುಕ್ಕಲ್ಲಿ ಪುಸ್ತಕದ ಹೆಸರು, ಕೊಟ್ಟ ತಾರೀಖು, ಯಾರಿಗೆ ಅಂತ ಅವರ ಮುಂದೆನೇ ಬರ್ಕೊಳ್ಳಿ, ಮುಂದೆನೇ ಬರೆದ್ರೆ ಅರ್ಧ ಪುಸ್ತಕ ತಾನಾಗೇ ವಾಪಸ್ ಬರುತ್ತೆ. ಸಕಲೇಶಪುರಕ್ಕೆ ಹೋಗಿರೋ ಪುಸ್ತಕನ ಮಾತ್ರ ಜೂನ್ ಮಳೆ ಹಿಡಿಯೋ ಮುಂಚೆ ತರಿಸ್ಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಗೋಡೆಗೇ ಬೂಷ್ಟು ಬರುತ್ತೆ, ಪುಸ್ತಕ ಬಿಡುತ್ತಾ. ಬಂದ ಮೇಲೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಡಬೇಡಿ, ಒಳಗೆ ತೇವ ಇದ್ರೆ ಇನ್ನೂ ಬೇಗ ಹಾಳಾಗುತ್ತೆ. ಫ್ಯಾನ್ ಕೆಳಗೆ ಒಂದು ದಿನ ಹಾಳೆ ಬಿಡಿಸಿ ನಿಲ್ಲಿಸಿ, ಬೀರುವಲ್ಲಿ ಗೋಡೆಗೆ ತಾಗದ ಹಾಗೆ ನೇರವಾಗಿ ಇಡಿ, ಮೂಲೇಲಿ ಎರಡು ನುಸಿಗುಳಿಗೆ ಬಟ್ಟೇಲಿ ಕಟ್ಟಿ ಹಾಕಿ. ಬೂಷ್ಟು ಆಗಲೇ ಬಂದಿದ್ರೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಒಣಗಿದ ಬ್ರಶ್ಶಲ್ಲಿ ಮನೆ ಹೊರಗೆ ಕೂತು ಜಾಡಿಸಿ, ಮೂಗಿಗೆ ಒಂದು ಕರ್ಚೀಫ್ ಕಟ್ಕೊಂಡು.